ಕೂಡಿಸಿದ ಪಟ

ಹಳೆಯ ಮನೆಯ ಪಡಸಾಲೆಯಲ್ಲಿ ದೇವರ ಪಟಗಳ ಸಾಲು ಮುಗಿದಲ್ಲಿ ಮನೆಯ ಹಿರಿಯರ ಪಟಗಳ ಸಾಲು ಮೊದಲಾಗುವುದುಂಟು. ಗೋಡೆಯಿಂದ ತುಸು ಮುಂದಕ್ಕೆ ಬಾಗಿ ತೂಗುವ ಆ ಪಟಗಳಲ್ಲಿ ದಂಪತಿಗಳದೊಂದು ಸಾಮಾನ್ಯವಾಗಿ ಇದ್ದೇ ಇರುವುದು. ಯಜಮಾನರು ಕುರ್ಚಿಯಲ್ಲಿ ಕುಳಿತಿದ್ದಾರೆ. ಪತ್ನಿ ಪಕ್ಕದಲ್ಲಿ ನಿಂತಿದ್ದಾರೆ. ಹಿಂದಣ ಪರದೆಯಲ್ಲಿ ಬಣ್ಣದಿಂದ ಬರೆದ ಉದ್ಯಾನವೊಂದು ಕಾಣುತ್ತದೆ. ನೋಡಿದವರು ಅದನ್ನು ಒಂದು ದಿನದ, ಒಂದು ಗಳಿಗೆಯ ಸಾಕ್ಷಿಯೆಂದೇ ತಿಳಿಯುತ್ತಾರೆ. ಆದರೆ ಹತ್ತಿರ ಹೋಗಿ ನಿಧಾನವಾಗಿ ನೋಡಿದರೆ ಕೆಲವು ಪಟಗಳಲ್ಲಿ ಒಂದು ವೈಚಿತ್ರ್ಯ ಗೋಚರವಾಗುವುದು. ಯಜಮಾನರ ಮುಖಕ್ಕೆ ಬೆಳಕು ಎಡಗಡೆಯಿಂದ ಬಂದಿದೆ; ಪತ್ನಿಯ ಮುಖಕ್ಕೆ ಬಲಗಡೆಯಿಂದ. ಇವರ ನೆರಳು ಒಂದು ಕಡೆಗೆ, ಅವರ ನೆರಳು ಇನ್ನೊಂದು ಕಡೆಗೆ. ಆ ಇಬ್ಬರೂ ಆ ಪರದೆಯ ಮುಂದೆ ಎಂದೂ ಜೊತೆಯಾಗಿ ನಿಂತವರಲ್ಲ. ಯಾವನೋ ಕುಶಲಿಯಾದವನು ಎರಡು ಬೇರೆ ಬೇರೆ ಪಟಗಳಿಂದ ಅವರನ್ನು ತೆಗೆದು ಒಂದೆಡೆ ನಿಲ್ಲಿಸಿದ್ದಾನೆ.

ಇಂಥ ಪಟಗಳನ್ನು ಕೂಡಿಸುವುದರಲ್ಲಿ ಕೈ ಪಳಗಿದ ಛಾಯಾಗ್ರಾಹಕರೊಬ್ಬರು ಒಂದು ತಾಲ್ಲೂಕು ಪೇಟೆಯಲ್ಲಿದ್ದಾರೆ. ಅವರ ಸ್ಟುಡಿಯೊ ಅವರ ತಂದೆಯ ಕಾಲದ್ದು. ತಂದೆಯವರು ಕೆಲಸ ಮಾಡುತ್ತಿದ್ದುದು ಕತ್ತರಿ, ಅಂಟು, ಕುಂಚ, ಪೆನ್ಸಿಲು ಇವುಗಳಿಂದ. ಒಂದು ಪಟದಿಂದ ಆಕೃತಿಯನ್ನು ಸಣ್ಣ ಕತ್ತರಿಯಿಂದ ಬಿಡಿಸಿ, ಅದರ ಅಂಚನ್ನು ಹಿಂಬದಿಯಿಂದ ಮರಳು ಕಾಗದದಿಂದ ತೀಡಿ ತೆಳ್ಳಗೆ ಮಾಡಿ, ಬೇರೊಂದು ಪಟದ ಮೇಲೆ ಅಂಟಿಸಿ, ಸಂದಿನ ಗೆರೆ ಕಾಣದಂತೆ ಕುಂಚದಿಂದ ಬಣ್ಣವೆಳೆದು, ಆಮೇಲೆ ಆ ಸಮಸ್ತವನ್ನೂ ಮತ್ತೊಮ್ಮೆ ಕ್ಯಾಮರಾದಿಂದ ತೆಗೆಯುತ್ತಿದ್ದರು. ಹೀಗೆ ಎರಡನೆಯ ಸಲ ತೆಗೆದ ಪಟದಲ್ಲಿ ಅಂಟೂ ಇಲ್ಲ, ಅಂಚೂ ಇಲ್ಲ; ಎಲ್ಲವೂ ಒಂದೇ ಕಾಗದ. ಮಗನು ಇದನ್ನೆಲ್ಲ ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಕತ್ತರಿಗೆ ಬದಲು ಗಾಜಿನ ಪರದೆಯ ಮೇಲೆ ಓಡುವ ಬಾಣದ ಗುರುತು ಬಂದಿದೆ. ಆದರೆ ವಿದ್ಯೆ ಮಾತ್ರ ಅದೇ.

ಒಂದು ದಿನ ಆ ಸ್ಟುಡಿಯೊಗೆ ಎಂಬತ್ತು ದಾಟಿದ ವೃದ್ಧೆಯೊಬ್ಬರು ಮಗನೊಡನೆ ಬಂದರು. ಮಗನ ಕೈಯಲ್ಲಿ ರಟ್ಟಿಗೆ ಅಂಟಿಸಿದ ಒಂದು ಹಳೆಯ ಪಟವಿತ್ತು. ಅದು ಒಂದು ಶಾಲೆಯ ಉಪಾಧ್ಯಾಯರ ಗುಂಪು. ಕೆಳಗೆ 1971 ಎಂದು ಬರೆದಿತ್ತು. ಶಾಲೆಯ ಮುಂದಣ ಬಯಲಿನಲ್ಲಿ ಬೆಂಚುಗಳನ್ನು ಹಾಕಿ, ಮುಂದೆ ಕೆಲವರನ್ನು ಕೂರಿಸಿ, ಹಿಂದೆ ಕೆಲವರನ್ನು ನಿಲ್ಲಿಸಿ ತೆಗೆದಿದ್ದರು. ನಿಂತವರ ಸಾಲಿನಲ್ಲಿ ಎಡದಿಂದ ಮೂರನೆಯವರು ವೃದ್ಧೆಯ ಪತಿ. ಅವರ ಮುಖ ಒಂದು ಅವರೆಕಾಳಿನಷ್ಟಿತ್ತು. ಮಾರನೆಯ ವರ್ಷವೇ, ಮೂವತ್ತೊಂದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರದೆಂದು ಉಳಿದ ಪಟ ಅದೊಂದೇ.

ದಂಪತಿಗಳ ಪಟವೇಕೆ ಇಲ್ಲವೆಂದು ಛಾಯಾಗ್ರಾಹಕರು ಕೇಳಲಿಲ್ಲ, ವೃದ್ಧೆಯೇ ಹೇಳಿದರು. ಮದುವೆಯಲ್ಲಿ ಪಟ ತೆಗೆಸುವಷ್ಟು ಅನುಕೂಲ ಇರಲಿಲ್ಲ. ಆಮೇಲೆ ಒಂದು ಸಂತೆಯ ದಿನ ಪೇಟೆಗೆ ಹೋಗಿ ತೆಗೆಸುವುದೆಂದು ನಿಶ್ಚಯವಾಗಿತ್ತು.

“ಸೀರೆ ಉಟ್ಟು, ಹೂ ಮುಡಿದು ಕೂತಿದ್ದೆನಪ್ಪಾ. ಮಗೂಗೆ ಜ್ವರ ಬಂತು. ಬರೋ ಸಂತೆಗೆ ಹೋಗೋಣ ಅಂದ್ರು ನಮ್ಮ ಯಜಮಾನರು. ಆ ಸಂತೆ ಬರಲೇ ಇಲ್ಲ.”

ಜ್ವರ ಬಂದಿದ್ದ ಆ ಮಗುವೇ ಈಗ ಪಕ್ಕದಲ್ಲಿ ನಿಂತಿದ್ದ ಮಗ. ಆತನಿಗೂ ಈಗ ತಲೆ ನರೆತಿದೆ. ಆತನ ಬೇಡಿಕೆ ಸ್ಪಷ್ಟವಾಗಿತ್ತು. ತಂದೆಯನ್ನು ಗುಂಪಿನಿಂದ ಬಿಡಿಸಬೇಕು. ತಾಯಿಯ ಪಕ್ಕದಲ್ಲಿ ಕೂರಿಸಬೇಕು. ಇಬ್ಬರ ವಯಸ್ಸೂ ಹೊಂದುವಂತೆ ತಂದೆಗೆ ನರೆಗೂದಲು, ಕನ್ನಡಕ, ಒಳ್ಳೆಯದೊಂದು ಸೂಟು ಕೊಡಬೇಕು. ಈಗಿನ ಯಂತ್ರಗಳಿಗೆ ಇದು ಅಸಾಧ್ಯವಲ್ಲವೆಂದು ಆತ ಕೇಳಿದ್ದ. ಅಸಾಧ್ಯವಲ್ಲವೆಂಬುದು ಛಾಯಾಗ್ರಾಹಕರಿಗೂ ಗೊತ್ತಿತ್ತು. ಆದರೂ ಅವರು ಒಡನೆಯೇ ಒಪ್ಪಿಕೊಳ್ಳದೆ, ಒಂದು ವಾರ ಬಿಟ್ಟು ಬರುವಂತೆ ಹೇಳಿ ಕಳುಹಿಸಿದರು.

ಅವರು ಹಿಂಜರಿದದ್ದೇಕೆಂಬುದನ್ನು ತಿಳಿಯಬೇಕಾದರೆ, ಈ ವಿದ್ಯೆಯ ಪೂರ್ವ ಕಥೆಯನ್ನು ಸ್ವಲ್ಪ ಅರಿತಿರುವುದು ಒಳ್ಳೆಯದು. ಇದು ತಾಲ್ಲೂಕು ಪೇಟೆಯ ಸ್ಟುಡಿಯೊದಲ್ಲಿ ಹುಟ್ಟಿದ ಉಪಾಯವಲ್ಲ. ಛಾಯಾಚಿತ್ರ ವಿದ್ಯೆಯು ಇನ್ನೂ ಬಾಲ್ಯದಲ್ಲಿದ್ದಾಗಲೇ ಯುರೋಪಿನಲ್ಲಿ ಇದಕ್ಕೆ ಆರಂಭವಾಯಿತು. ಆಗ ಅದಕ್ಕೆ ಕಾರಣವಾದದ್ದು ಮೋಸವಲ್ಲ, ಕ್ಯಾಮರಾದ ಅಸಾಮರ್ಥ್ಯ. ಅಂದಿನ ಗಾಜಿನ ಫಲಕಗಳಿಗೆ ನೀಲಿ ಬೆಳಕು ಬಹು ಬೇಗ ತಾಗುತ್ತಿತ್ತು. ಭೂಮಿಯೂ ಕಡಲೂ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶವು ಬೆಳಕು ಹೆಚ್ಚಾಗಿ ಬರಿಯ ಬಿಳುಪಾಗಿಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು 1850ರ ದಶಕದಲ್ಲಿ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚುಮಾಡಿದನು. ಕಣ್ಣು ಒಟ್ಟಿಗೆ ಕಂಡದ್ದನ್ನು ಫಲಕವು ಒಟ್ಟಿಗೆ ಹಿಡಿಯಲಾರದೆ ಹೋದಾಗ, ಕೈ ಅದನ್ನು ಮತ್ತೆ ಒಟ್ಟುಗೂಡಿಸಿತು.

ಸ್ವೀಡನ್ನಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಆಸ್ಕರ್ ರೇಲಾಂಡರ್ 1857ರಲ್ಲಿ ಇದನ್ನು ಬಹು ದೂರ ಕೊಂಡೊಯ್ದನು. ‘ಬಾಳಿನ ಎರಡು ದಾರಿಗಳು’ ಎಂಬರ್ಥದ ಹೆಸರಿನ ಅವನ ಚಿತ್ರದಲ್ಲಿ ಒಬ್ಬ ಹಿರಿಯನು ಇಬ್ಬರು ತರುಣರನ್ನು ಬಾಳಿನ ಹೊಸ್ತಿಲಿಗೆ ಕರೆತರುತ್ತಾನೆ. ಒಬ್ಬನು ಸನ್ಮಾರ್ಗದತ್ತ ನೋಡುತ್ತಾನೆ, ಇನ್ನೊಬ್ಬನು ಭೋಗದತ್ತ. ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬೇರೆ ಬೇರೆಯಾಗಿ ತೆಗೆದು, ಸುಮಾರು ಆರು ವಾರ ಶ್ರಮಿಸಿ, ಒಂದೊಂದನ್ನೇ ಕಾಗದದ ಮೇಲೆ ಮೂಡಿಸಿ ಅವನು ಅದನ್ನು ಪೂರೈಸಿದನು. ಮ್ಯಾಂಚೆಸ್ಟರಿನ ಪ್ರದರ್ಶನದಲ್ಲಿ ಅದನ್ನು ಕಂಡು ಮೆಚ್ಚಿದವರೂ ಇದ್ದರು, ಅದರಲ್ಲಿನ ನಗ್ನ ರೂಪಗಳನ್ನು ಕಂಡು ಹುಬ್ಬುಗಂಟಿಕ್ಕಿದವರೂ ಇದ್ದರು. ವಿಕ್ಟೋರಿಯಾ ರಾಣಿಯು ಅದರ ಒಂದು ಪ್ರತಿಯನ್ನು ಕೊಂಡಳು.

ಮರುವರ್ಷ, 1858ರಲ್ಲಿ, ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್‌ಗಳನ್ನು ಕೂಡಿಸಿ ಕ್ಷಯರೋಗದಿಂದ ಸಾಯುತ್ತಿರುವ ಒಬ್ಬ ಹುಡುಗಿಯ ಚಿತ್ರವನ್ನು ಮಾಡಿದನು. ದಿಂಬಿಗೊರಗಿದ ಹುಡುಗಿ, ಬಳಿಯಲ್ಲಿ ಇಬ್ಬರು ಸ್ತ್ರೀಯರು, ಕಿಟಕಿಯತ್ತ ಮುಖಮಾಡಿ ಬೆನ್ನು ತೋರಿಸಿ ನಿಂತ ಗಂಡಸು. ಜನರಲ್ಲಿ ಕೆಲವರು ನೊಂದುಕೊಂಡರು. ಮರಣಶಯ್ಯೆಯ ಬಳಿಗೆ ಕ್ಯಾಮರಾವನ್ನು ಒಯ್ಯುವುದೇ ಎಂದು ಆಕ್ಷೇಪಿಸಿದರು. ವಸ್ತುತಃ ಆ ಹುಡುಗಿ ಆರೋಗ್ಯವಂತೆಯಾಗಿದ್ದು ರೋಗಿಯಂತೆ ನಟಿಸಿದ್ದಳು. ಅದೇ ವಿಷಯವನ್ನು ಚಿತ್ರಕಾರನು ಬಣ್ಣದಲ್ಲಿ ಬರೆದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಛಾಯಾಚಿತ್ರವೆಂದೊಡನೆ ಜನರು ಅದನ್ನು ಕಣ್ಣೆದುರಿಗೆ ನಡೆದದ್ದೆಂದು ನಂಬುತ್ತಾರೆ. ಪಟವನ್ನು ಕೂಡಿಸುವವನ ಬಲವೆಲ್ಲ ಈ ನಂಬಿಕೆಯಲ್ಲಿದೆ. ಅವನ ಹೊಣೆಯೂ ಅದರಲ್ಲಿಯೇ ಇದೆ.

ಈ ಬಲವನ್ನು ಜನರ ಸಂತೋಷಕ್ಕಾಗಿ ಬಳಸಿ ಹೆಸರು ಪಡೆದವನು ಕೆನಡಾದ ವಿಲಿಯಂ ನಾಟ್ಮನ್. ಅವನು 1826ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, 1856ರಲ್ಲಿ ಮಾಂಟ್ರಿಯಲ್ ನಗರಕ್ಕೆ ಬಂದು ಸ್ಟುಡಿಯೊ ತೆರೆದನು. ಆ ದೇಶದ ಚಳಿಗಾಲವನ್ನು ಸ್ಟುಡಿಯೊದ ಒಳಗೇ ತಂದುದು ಅವನ ಚಮತ್ಕಾರ. ಹಿಮಕ್ಕೆ ಬದಲು ಉಪ್ಪನ್ನು ಹರಡುವನು. ಹೆಪ್ಪುಗಟ್ಟಿದ ನೀರಿಗೆ ಬದಲು ತಳತಳಿಸುವ ಸತುವಿನ ತಗಡನ್ನು ಹಾಸುವನು. ಬೀಳುವ ಹಿಮ ಬೇಕಾದರೆ ನೆಗೆಟಿವ್ ಮೇಲೆ ಬಿಳಿಯ ಬಣ್ಣವನ್ನು ತುಂತುರಾಗಿ ಸಿಂಪಡಿಸುವನು.

1870ರಲ್ಲಿ ಮಾಂಟ್ರಿಯಲ್ಲಿನ ವಿಕ್ಟೋರಿಯಾ ರಿಂಕ್ ಎಂಬ ಮಂಜುಗಡ್ಡೆಯ ಅಂಗಣದಲ್ಲಿ ರಾಜಕುಮಾರ ಆರ್ಥರನ ಗೌರವಾರ್ಥವಾಗಿ ವೇಷಧಾರಿಗಳ ಜಾರಾಟದ ಉತ್ಸವವೊಂದು ರಾತ್ರಿ ದೀಪಗಳ ಬೆಳಕಿನಲ್ಲಿ ನಡೆಯಿತು. ಆ ರಾತ್ರಿಯ ಬೆಳಕಿನಲ್ಲಿ, ಕ್ಷಣಕ್ಷಣಕ್ಕೂ ಜಾರುತ್ತಿದ್ದ ಆ ಜನಸಂದಣಿಯನ್ನು ಹಿಡಿಯುವ ಶಕ್ತಿ ಅಂದಿನ ಯಾವ ಕ್ಯಾಮರಾಕ್ಕೂ ಇರಲಿಲ್ಲ. ಆದ ಕಾರಣ ನಾಟ್ಮನ್ ಮೊದಲು ಒಂದು ನಕ್ಷೆಯನ್ನು ಬರೆಸಿ, ಯಾರು ಎಲ್ಲಿ ನಿಲ್ಲಬೇಕು, ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದನ್ನು ನಿರ್ಧರಿಸಿದನು. ಉತ್ಸವಕ್ಕೆ ಹೋದವರು ತಮ್ಮ ತಮ್ಮ ವೇಷಗಳಲ್ಲಿ ಸ್ಟುಡಿಯೊಗೆ ಬಂದು ಪ್ರತ್ಯೇಕವಾಗಿ ಪಟ ತೆಗೆಸಿಕೊಂಡರು. ಮುಂದೆ ನಿಲ್ಲುವವರು ದೊಡ್ಡದಾಗಿ, ಹಿಂದೆ ನಿಲ್ಲುವವರು ಚಿಕ್ಕದಾಗಿ. ಹೀಗೆ ಸುಮಾರು ನೂರೈವತ್ತು ಆಕೃತಿಗಳನ್ನು ಕತ್ತರಿಸಿ, ಚಿತ್ರಕಾರರು ಬರೆದ ಅಂಗಣದ ಹಿನ್ನೆಲೆಯ ಮೇಲೆ ಅಂಟಿಸಿ, ಸಮಸ್ತವನ್ನೂ ಮತ್ತೆ ಪಟ ತೆಗೆದರು. ನೋಡುವವರಿಗೆ ಇಡೀ ಉತ್ಸವವೇ ಕಾಣುತ್ತದೆ. ಒಬ್ಬರ ಮುಖಕ್ಕೂ ಇನ್ನೊಬ್ಬರ ಭುಜ ಅಡ್ಡ ಬಂದಿಲ್ಲ. ಪ್ರತಿಯೊಬ್ಬನೂ ತನ್ನ ಮುಖವನ್ನು ಹುಡುಕಿ ಕಂಡುಹಿಡಿದು ಒಂದು ಪ್ರತಿಯನ್ನು ಕೊಳ್ಳಬಹುದು. ನಾಟ್ಮನ್ನನ ವ್ಯಾಪಾರಬುದ್ಧಿಯೂ ಕಲೆಯೂ ಅಲ್ಲಿ ಕೈಜೋಡಿಸಿದವು.

ಇದನ್ನು ಸುಳ್ಳೆನ್ನಬಹುದೇ? ಆ ಜನರು ಆ ಉತ್ಸವದವರೇ. ಆ ವೇಷಗಳೂ ಅವರವೇ. ಪಟ ಹೇಗಾಯಿತೆಂಬುದು ಅದರೊಳಗಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಏಕೆಂದರೆ ಪ್ರತಿಯೊಬ್ಬರೂ ಸ್ಟುಡಿಯೊದ ಮೆಟ್ಟಿಲನ್ನು ತಾವೇ ಹತ್ತಿ ಬಂದವರು. ಗುಟ್ಟು ಎಲ್ಲರಿಗೂ ತಿಳಿದಿದ್ದುದರಿಂದ ಅದು ಗುಟ್ಟಾಗಿರಲೇ ಇಲ್ಲ.

ನಾಟ್ಮನ್ ಹುಟ್ಟಿದ ಸ್ಕಾಟ್ಲೆಂಡಿನಲ್ಲಿಯೇ ಇದಕ್ಕಿಂತ ಮುಂಚೆ ಹೃದಯಸ್ಪರ್ಶಿಯಾದ ಒಂದು ಪ್ರಸಂಗ ನಡೆದಿತ್ತು. 1843ರ ಮೇ ತಿಂಗಳಲ್ಲಿ ಎಡಿನ್‌ಬರೋ ನಗರದಲ್ಲಿ ನೂರಾರು ಮಂದಿ ಪಾದ್ರಿಗಳು ರಾಷ್ಟ್ರೀಯ ಚರ್ಚನ್ನು ತೊರೆದು ಸ್ವತಂತ್ರ ಚರ್ಚೊಂದನ್ನು ಸ್ಥಾಪಿಸಿದರು. ಆ ಸಭೆಯನ್ನು ಒಂದು ಮಹಾಚಿತ್ರದಲ್ಲಿ ಬರೆಯಬೇಕೆಂದು ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಚಿತ್ರಕಾರನು ಸಂಕಲ್ಪಿಸಿದನು. ನೂರಾರು ಮುಖಗಳನ್ನು ಒಬ್ಬನೇ ಕುಳಿತು ಬರೆಯುವುದೆಂತು? ರಾಬರ್ಟ್ ಆಡಂಸನ್ ಎಂಬ ತರುಣ ಛಾಯಾಗ್ರಾಹಕನು ಅವನ ನೆರವಿಗೆ ಬಂದನು. ಇಬ್ಬರೂ ಸೇರಿ ಪಾದ್ರಿಗಳ ಪಟಗಳನ್ನು ಒಂದೊಂದಾಗಿಯೂ ಸಣ್ಣ ಗುಂಪುಗಳಾಗಿಯೂ ತೆಗೆದರು. ಆದರೆ ಆಡಂಸನ್ ಅಲ್ಪಾಯುಷಿ. 1848ರಲ್ಲಿ, ಇನ್ನೂ ಇಪ್ಪತ್ತಾರು ವರ್ಷದವನಾಗಿದ್ದಾಗಲೇ, ತೀರಿಹೋದನು. ಹಿಲ್ ಆ ಚಿತ್ರವನ್ನು ಮುಗಿಸಿದ್ದು 1866ರಲ್ಲಿ. ಹನ್ನೊಂದು ಅಡಿಗೂ ಮೀರಿದ ಉದ್ದದ ಆ ಪಟದಲ್ಲಿ ನಾನೂರಕ್ಕೂ ಹೆಚ್ಚು ಮುಖಗಳಿವೆ. ಆ ಜನಸ್ತೋಮದ ನಡುವೆ, ಕ್ಯಾಮರಾದೊಡನೆ, ಆಡಂಸನ್ನನೂ ಇದ್ದಾನೆ. ತೀರಿಹೋಗಿ ಹದಿನೆಂಟು ವರ್ಷಗಳಾದ ಮೇಲೆ ಗೆಳೆಯನು ಅವನಿಗೆ ಅಲ್ಲೊಂದು ಎಡೆ ಮಾಡಿಕೊಟ್ಟನು. ಚರಿತ್ರಕಾರರು ಆ ಚಿತ್ರದಲ್ಲಿ ಹಲವು ದೋಷಗಳನ್ನು ಎಣಿಸಬಹುದು. ಸಭೆಗೆ ಬಾರದವರೂ ಅದರಲ್ಲಿ ಸೇರಿದ್ದಾರೆ. ಆಡಂಸನ್ನನನ್ನು ಮಾತ್ರ ಅಲ್ಲಿಂದ ಎಬ್ಬಿಸಲು ಯಾರ ಮನಸ್ಸೂ ಒಪ್ಪಲಾರದು.

ಇಷ್ಟರಿಂದ ಈ ವಿದ್ಯೆಯು ಯಾವಾಗಲೂ ಸಾತ್ವಿಕವೆಂದು ತಿಳಿಯಬಾರದು. 1871ರಲ್ಲಿ ಪ್ಯಾರಿಸ್ ನಗರದ ಜನರು ದಂಗೆಯೆದ್ದು ‘ಕಮ್ಯೂನ್’ ಎಂಬ ತಮ್ಮದೇ ಆಡಳಿತವನ್ನು ಸ್ಥಾಪಿಸಿದರು. ಎರಡು ತಿಂಗಳು ಕಳೆದ ಮೇಲೆ ಸರಕಾರದ ಸೈನ್ಯವು ನಗರವನ್ನು ಹೊಕ್ಕು ಸಾವಿರಾರು ಜನರನ್ನು ಕೊಂದು ಅದನ್ನು ಅಡಗಿಸಿತು. ಅನಂತರ ಆಪೇರ್ ಎಂಬ ಛಾಯಾಗ್ರಾಹಕನು ಕಮ್ಯೂನಿನವರ ಅಪರಾಧಗಳೆಂಬ ಹೆಸರಿನಲ್ಲಿ ಒಂದು ಪಟಮಾಲಿಕೆಯನ್ನು ಹೊರಡಿಸಿದನು. ಅವನು ಹತ್ಯೆಗಳು ನಡೆದ ಸ್ಥಳಗಳಿಗೆ ಹೋಗಿ ಪಟ ತೆಗೆದನು. ನಟರಿಗೆ ವೇಷ ಹಾಕಿಸಿ ಬಂದೂಕು ಹಿಡಿಸಿದನು. ಸೆರೆಸಿಕ್ಕ ಕಮ್ಯೂನಿನವರ ಭಾವಚಿತ್ರಗಳನ್ನು ಸೆರೆಮನೆಗಳಲ್ಲಿ ತೆಗೆದಿದ್ದನು. ಆ ಸೆರೆಯಾಳುಗಳ ತಲೆಗಳನ್ನು ಈ ನಟರ ದೇಹಗಳಿಗೆ ಅಂಟಿಸಿ, ಆ ಸ್ಥಳಗಳಲ್ಲಿ ನಿಲ್ಲಿಸಿದನು. ಹತ್ಯೆಗಳು ನಡೆದದ್ದು ನಿಜ. ಪ್ಯಾರಿಸಿನ ಆರ್ಚ್‌ಬಿಷಪ್ಪನನ್ನು ಗುಂಡಿಟ್ಟು ಕೊಂದದ್ದೂ ನಿಜ. ಆದರೆ ಆ ಪಟದಲ್ಲಿ ಕಾಣುವ ಗಳಿಗೆಯನ್ನು ಯಾವ ಕ್ಯಾಮರಾವೂ ಕಂಡಿರಲಿಲ್ಲ. ತನ್ನ ತಲೆಯನ್ನು ಎಲ್ಲಿ ಇಟ್ಟಿದ್ದಾರೆಂಬುದು ಸೆರೆಮನೆಯಲ್ಲಿದ್ದವನಿಗೆ ತಿಳಿಯದು. ತಾನು ನೋಡುತ್ತಿರುವುದು ಅಂಟಿಸಿದ್ದೆಂಬುದು ಕೊಂಡವನಿಗೆ ತಿಳಿಯದು.

ಇಷ್ಟು ಕ್ರೂರವಲ್ಲದ, ಆದರೂ ಯೋಚಿಸತಕ್ಕ ಉದಾಹರಣೆಗಳು ಅಮೆರಿಕದಲ್ಲಿವೆ. 1865ರಲ್ಲಿ ಮ್ಯಾಥ್ಯೂ ಬ್ರೇಡಿಯು ಸೇನಾಪತಿ ಶೆರ್ಮನ್ನನನ್ನು ಅವನ ಅಧೀನ ಸೇನಾನಿಗಳೊಡನೆ ಕೂರಿಸಿ ಪಟ ತೆಗೆದಾಗ ಬ್ಲೇರ್ ಎಂಬ ಸೇನಾನಿ ಆ ಹೊತ್ತಿಗೆ ಬರಲಾಗಲಿಲ್ಲ. ಆಮೇಲೆ ಅವನೊಬ್ಬನದೇ ಪಟ ತೆಗೆದು ಗುಂಪಿನ ಬಲತುದಿಯಲ್ಲಿ ಸೇರಿಸಿದರು. ಇದು ಮದುವೆಯ ಪಟಕ್ಕೆ ತಡವಾಗಿ ಬಂದ ಸೋದರಮಾವನನ್ನು ಸೇರಿಸಿದಂತೆ, ಯಾರಿಗೂ ಬಾಧಕವಿಲ್ಲ. ಆದರೆ ಸುಮಾರು 1902ರಲ್ಲಿ ಹೊರಬಂದ ಇನ್ನೊಂದು ಪಟದಲ್ಲಿ ಸೇನಾಪತಿ ಗ್ರಾಂಟ್ ಕುದುರೆಯೇರಿ ಸಿಟಿ ಪಾಯಿಂಟ್ ಎಂಬಲ್ಲಿ ತನ್ನ ಸೈನ್ಯದ ಮುಂದೆ ನಿಂತಿದ್ದಾನೆ. ಅಮೆರಿಕದ ರಾಷ್ಟ್ರೀಯ ಗ್ರಂಥಭಂಡಾರದವರು ಅದನ್ನು ಪರಿಶೀಲಿಸಿದಾಗ ಮೂರು ಪಟಗಳು ಹೊರಬಿದ್ದವು. ತಲೆ ಮಾತ್ರ ಗ್ರಾಂಟನದು. ಕುದುರೆಯೂ ದೇಹವೂ ಮಕ್ಕುಕ್ ಎಂಬ ಬೇರೊಬ್ಬ ಸೇನಾನಿಯವು. ಹಿಂದೆ ಕಾಣುವ ಸೈನ್ಯವು ಗ್ರಾಂಟನದೇ ಅಲ್ಲ, ಸೆರೆಸಿಕ್ಕ ಶತ್ರುಪಕ್ಷದವರ ಗುಂಪು. ಗೆದ್ದವನ ವೈಭವಕ್ಕೆ ಸೋತವರನ್ನೇ ನಿಲ್ಲಿಸಿದ್ದರು. ಎಷ್ಟೋ ವರ್ಷ ಜನರು ಅದನ್ನು ನಿಜವೆಂದು ನೋಡಿದರು.

ಹಾಗಾದರೆ ಹಿಲ್ ಮಾಡಿದ್ದಕ್ಕೂ ಆಪೇರ್ ಮಾಡಿದ್ದಕ್ಕೂ ಭೇದವೇನು? ಇಬ್ಬರೂ ಒಂದೆಡೆ ಇಲ್ಲದವರನ್ನು ಒಂದೆಡೆ ಸೇರಿಸಿದರು. ಕೈಚಳಕವನ್ನು ನೋಡಿದರೆ ಭೇದವಿಲ್ಲ. ಭೇದವಿರುವುದು ಇಷ್ಟರಲ್ಲಿ: ಪಟದಲ್ಲಿರುವವರ ಮೇಲೆ ಅವರು ಮಾಡದ ಕಾರ್ಯವನ್ನು ಹೊರಿಸಲಾಗಿದೆಯೇ? ಕೂಡಿಸಿದ ಸಂಗತಿಯನ್ನು ನೋಡುವವರಿಂದ ಮರೆಮಾಡಲಾಗಿದೆಯೇ? ಈ ಎರಡಕ್ಕೂ ಇಲ್ಲವೆಂದು ಉತ್ತರ ಬಂದಲ್ಲಿ ಅಂಟಿಗೆ ಅಂಜಬೇಕಾದ್ದಿಲ್ಲ.

ಭಾರತದಲ್ಲಿಯೇ ಇದಕ್ಕೆ ಒಳ್ಳೆಯ ದೃಷ್ಟಾಂತವುಂಟು. ಪ್ರಸಿದ್ಧ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1941ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಂದೆ ಉಮ್ರಾವ್ ಸಿಂಗ್ ದಶಕಗಳ ಕಾಲ ಮನೆಯವರ ಪಟಗಳನ್ನು ಬಹು ಆಸಕ್ತಿಯಿಂದ ತೆಗೆದಿದ್ದರು. ಅಮೃತಾ ಅವರ ತಂಗಿಯ ಮಗ, ಕಲಾವಿದ ವಿವಾನ್ ಸುಂದರಂ ಹುಟ್ಟಿದ್ದು 1943ರಲ್ಲಿ. ದೊಡ್ಡಮ್ಮನನ್ನು ಅವರು ಕಣ್ಣಿನಿಂದ ಕಂಡವರಲ್ಲ. ಈ ಶತಮಾನದ ಆರಂಭದಲ್ಲಿ ಅವರು ತಾತನ ಪಟಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಊರುಗಳ ಮನೆಯವರನ್ನು ಒಂದೇ ಕೋಣೆಯಲ್ಲಿ ಕೂಡಿಸಿದರು. ಅಲ್ಲಿ ಕಾಲವು ಮಡಿಸಿದ ಬಟ್ಟೆಯಂತೆ ಒಂದರ ಮೇಲೊಂದು ಬಂದಿದೆ. ಆದರೆ ಅದು ಕೂಡಿಸಿದ್ದೆಂಬುದನ್ನು ಅವರು ಎಲ್ಲಿಯೂ ಬಚ್ಚಿಡಲಿಲ್ಲ. ಮಾಲಿಕೆಯ ಹೆಸರಿನಲ್ಲಿಯೇ ಅಮೃತಾರನ್ನು ಮರಳಿ ತೆಗೆದದ್ದೆಂಬ ಅರ್ಥವಿದೆ.

ತಾಲ್ಲೂಕು ಪೇಟೆಯ ಛಾಯಾಗ್ರಾಹಕರನ್ನು ತಡೆದದ್ದೂ ಇಂಥದೇ ಪ್ರಶ್ನೆ. ಮೂವತ್ತೊಂದರಲ್ಲಿ ತೀರಿಕೊಂಡವರಿಗೆ ಎಂಬತ್ತರ ಮುಖವನ್ನು ಕೊಟ್ಟರೆ, ಆ ಮುಖ ಯಾರದು? ಯಂತ್ರವು ಸಾವಿರಾರು ಮುದುಕರ ಮುಖಗಳಿಂದ ಕಲಿತು ಒಂದು ಮುದಿತನವನ್ನು ಊಹಿಸಿ ಕೊಡುತ್ತದೆ. ಆ ಸುಕ್ಕುಗಳನ್ನು ಅವರು ಬಾಳಿ ಪಡೆದವರಲ್ಲ. ಮೊಮ್ಮಕ್ಕಳು ಮುಂದೆ ಆ ಪಟವನ್ನು ನೋಡಿ ತಾತನು ತುಂಬುಬಾಳನ್ನು ಬಾಳಿದನೆಂದು ತಿಳಿದರೆ, ಆತನಿಲ್ಲದೆ ಅಜ್ಜಿ ಕಳೆದ ಐವತ್ತು ವರ್ಷಗಳನ್ನು ಪಟವೇ ಅಳಿಸಿದಂತಾಗುವುದು.

ವಾರದ ಮೇಲೆ ತಾಯಿ ಮಗ ಇಬ್ಬರೂ ಬಂದಾಗ ಅವರು ಇದನ್ನು ಇಷ್ಟು ಉದ್ದವಾಗಿ ಹೇಳಲಿಲ್ಲ. ವೃದ್ಧೆಯನ್ನೇ ಕೇಳಿದರು:

“ಅಮ್ಮಾ, ಮೇಷ್ಟ್ರನ್ನು ಮುದುಕರನ್ನಾಗಿ ಮಾಡಲೇ? ಇಲ್ಲ, ಇದ್ದ ಹಾಗೆಯೇ ಇರಲೇ?”

ಮಗ ಏನೋ ಹೇಳಹೊರಟ. ವೃದ್ಧೆ ಕೈಯೆತ್ತಿ ತಡೆದರು. ಗುಂಪಿನ ಪಟವನ್ನು ಕಣ್ಣಿನ ಸಮೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

“ಮುದುಕರಾದ ಅವರನ್ನು ನಾನು ಕಂಡಿಲ್ಲವಲ್ಲಪ್ಪ. ಗುರುತು ಸಿಗದವರ ಪಕ್ಕದಲ್ಲಿ ಹೇಗೆ ಕೂತ್ಕೊಳ್ಳಲಿ? ಅವರು ಹೀಗೇ ಇರಲಿ. ನಾನೂ ಹೀಗೇ ಇರ್ತೀನಿ.”

“ನೋಡಿದವರು ನಗ್ತಾರಮ್ಮ. ಮಗನೋ ಮೊಮ್ಮಗನೋ ಅಂತಾರೆ,” ಎಂದ ಮಗ.

“ಅನ್ನಲಿ. ಕೇಳಿದವರಿಗೆ ಹೇಳೋದಕ್ಕೆ ನಾನಿನ್ನೂ ಇದ್ದೀನಲ್ಲ.”

ಆಮೇಲೆ ಉಳಿದದ್ದು ಬರಿಯ ಕೆಲಸ. ಇಂಥ ಕೆಲಸದಲ್ಲಿ ಅನುಭವಿಗಳು ಮೊದಲು ನೋಡುವುದು ಬೆಳಕನ್ನು. ಗುಂಪಿನ ಪಟವನ್ನು ತೆಗೆದದ್ದು ಬಯಲಿನಲ್ಲಿ, ಹೊತ್ತು ನೆತ್ತಿಗೇರಿದಾಗ. ಮೇಷ್ಟರ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ ಗಾಢವಾದ ನೆರಳು ಬಿದ್ದಿತ್ತು. ಸ್ಟುಡಿಯೊದ ಬೆಳಕು ಹಾಗಲ್ಲ. ಅದು ಪಕ್ಕದಿಂದ ಮೆಲ್ಲನೆ ಬರುವುದು. ಅಂಥ ಬೆಳಕಿನಲ್ಲಿ ವೃದ್ಧೆಯ ಪಟ ತೆಗೆದು ಪಕ್ಕದಲ್ಲಿಟ್ಟರೆ, ಸಂದು ಎಷ್ಟು ನಯವಾದರೂ ಇಬ್ಬರೂ ಬೇರೆ ಬೇರೆ ಲೋಕದಲ್ಲಿ ಕುಳಿತಂತೆ ತೋರುವುದು. ಮೇಷ್ಟರ ಮುಖದ ನೆರಳನ್ನು ಯಂತ್ರದಿಂದ ತೊಳೆದುಹಾಕಿದರೆ, ಅವರೆಕಾಳಿನಷ್ಟಿರುವ ಮುಖದಲ್ಲಿ ಉಳಿದಿರುವ ಅಲ್ಪ ಗುರುತೂ ಹೋಗಿಬಿಡುವುದು. ಹೋದವರ ಪಟವನ್ನು ಮತ್ತೆ ತೆಗೆಯಲಾಗದು. ಇರುವವರ ಪಟವನ್ನು ತೆಗೆಯಬಹುದು. ಆದುದರಿಂದ ಹೊಂದಿಕೊಳ್ಳಬೇಕಾದ್ದು ಇರುವವರ ಬೆಳಕು. ಇದು ಅವರ ತಂದೆಯವರು ಕಲಿಸಿದ ಪಾಠ.

ಅವರು ದೀಪವೊಂದನ್ನು ಎತ್ತರದ ಕೋಲಿಗೆ ಕಟ್ಟಿ ನೆತ್ತಿಯ ಮೇಲಿಂದ ಬೀಳುವಂತೆ ಮಾಡಿದರು. ಉಳಿದ ದೀಪಗಳನ್ನು ಆರಿಸಿದರು. ಹಳೆಯ ಪಟದಲ್ಲಿ ಕ್ಯಾಮರಾ ಎಷ್ಟು ಎತ್ತರದಲ್ಲಿದ್ದಿರಬಹುದೆಂಬುದನ್ನು ಬೆಂಚಿನ ಅಂಚಿನ ಗೆರೆಗಳಿಂದ ಊಹಿಸಿ, ಅಷ್ಟೇ ಎತ್ತರಕ್ಕೆ ತಮ್ಮದನ್ನು ನಿಲ್ಲಿಸಿದರು. ಇದು ತಪ್ಪಿದರೆ ಒಬ್ಬರನ್ನು ಮೇಲಿನಿಂದ, ಇನ್ನೊಬ್ಬರನ್ನು ಕೆಳಗಿನಿಂದ ನೋಡಿದಂತಾಗುವುದು. ಮೇಷ್ಟರು ನಿಂತವರು, ಆದ್ದರಿಂದ ಅವರನ್ನು ಕೂರಿಸುವ ಪ್ರಯತ್ನವನ್ನು ಬಿಟ್ಟು ವೃದ್ಧೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಪಕ್ಕದ ಉಪಾಧ್ಯಾಯರ ಭುಜದಿಂದ ಮೇಷ್ಟರ ಬಲತೋಳು ಮರೆಯಾಗಿತ್ತು. ಬೇರೆ ಯಾರದೋ ತೋಳನ್ನು ತಂದು ಜೋಡಿಸುವ ಬದಲು, ಕುರ್ಚಿಯ ಎತ್ತರವಾದ ಬೆನ್ನಿನ ಹಿಂದೆ ಆ ಪಕ್ಕ ಬರುವಂತೆ ನಿಲ್ಲಿಸಿದರು. ಉಟ್ಟ ಕೋಟು ಅದೇ ಕೋಟು. ಹೊಸ ಪಟದ ನುಣುಪನ್ನು ಕುಗ್ಗಿಸಿ, ಹಳೆಯದರ ಮರಳಿನಂಥ ಕಣಗಳನ್ನು ಅದಕ್ಕೂ ಸ್ವಲ್ಪ ಕೊಟ್ಟರು. ಕೊನೆಯದಾಗಿ, ಕುರ್ಚಿಯ ಬೆನ್ನಿನ ಮೇಲೆ ಮೇಷ್ಟರ ನೆರಳನ್ನು ತೆಳುವಾಗಿ ಬೀಳಿಸಿದರು. ನೆರಳು ತಾಗುವವರೆಗೆ ಆಕೃತಿ ತೇಲುತ್ತಿರುವಂತೆ ಕಾಣುವುದು. ತಾಗಿದ ಮೇಲೆಯೇ ಅದು ಆ ಎಡೆಯಲ್ಲಿ ನಿಲ್ಲುವುದು.

ವೃದ್ಧೆ ಪಟ ತೆಗೆಸಿಕೊಳ್ಳಲು ಬಂದ ದಿನ ಹೂ ಮುಡಿದಿರಲಿಲ್ಲ. ಅವರ ಮನೆಯಲ್ಲಿ ಪತಿ ಹೋದ ಮೇಲೆ ಆ ರೂಢಿಯಿರಲಿಲ್ಲ. ಆದರೆ ಸಂತೆಯ ದಿನಕ್ಕೆಂದು ಉಟ್ಟು ಕುಳಿತಿದ್ದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟು ಬಂದಿದ್ದರು. ಮಡಿಕೆಯ ಗೆರೆಗಳಲ್ಲಿ ಅದು ಅಲ್ಲಲ್ಲಿ ಸವೆದಿತ್ತು. ಆ ಗೆರೆಗಳನ್ನು ಛಾಯಾಗ್ರಾಹಕರು ಅಳಿಸಲಿಲ್ಲ.

ಪಟ ಸಿದ್ಧವಾದಾಗ ಅದರ ಹಿಂಬದಿಯಲ್ಲಿ, ತಂದೆಯವರ ಪದ್ಧತಿಯಂತೆ, ಪೆನ್ಸಿಲಿನಿಂದ ಎರಡು ಸಾಲು ಬರೆದರು: ಯಜಮಾನರು, ಶಾಲೆಯ ಗುಂಪಿನ ಪಟದಿಂದ, 1971, ಅಮ್ಮನವರು, ಸ್ಟುಡಿಯೊದಲ್ಲಿ, ಈ ವರ್ಷ. ಕೂಡಿಸಿದ್ದು ಎಂದು ಕೆಳಗೆ ಸಹಿ.

ಈಗ ಅದು ಆ ಮನೆಯ ಪಡಸಾಲೆಯಲ್ಲಿ ತೂಗುತ್ತಿದೆ. ಮೊದಲ ಸಲ ಬಂದವರು ನಿಂತು ನೋಡುತ್ತಾರೆ; ತರುಣನ ಮುಖವನ್ನೂ ವೃದ್ಧೆಯ ಮುಖವನ್ನೂ ನೋಡಿ, ಕೇಳುವುದೋ ಬೇಡವೋ ಎಂದು ಅನುಮಾನಿಸುತ್ತಾರೆ. ಮಗನಿಗೆ ಮೊದಮೊದಲು ಸಂಕೋಚವಾಗುತ್ತಿತ್ತು. ಮರಿಮಗಳಿಗೆ ಸಂಕೋಚವಿಲ್ಲ. “ಅಜ್ಜೀ, ಇವರು ಯಾರು?” ಎಂದು ಎಷ್ಟು ಸಲ ಕೇಳಿದರೂ ಅವಳಿಗೆ ತೃಪ್ತಿಯಿಲ್ಲ. ಆಗ ವೃದ್ಧೆ ಅವಳನ್ನು ಹತ್ತಿರ ಕೂರಿಸಿಕೊಂಡು ಸಂತೆಯ ದಿನದಿಂದ ಮೊದಲುಮಾಡುತ್ತಾರೆ.